ಪೆಟ್ಟಿಗೆಯೊಳಗೆ ಎಲ್ಲಾ ಕ್ಷೇಮ

ನಮ್ಮ ಹಿತ್ತಲಿಗೆ ಜೇನುಪೆಟ್ಟಿಗೆ ಬಂದು ಏಳು ವರ್ಷವಾಯಿತು. ಈ ಏಳು ವರ್ಷದಲ್ಲಿ ನನಗೆ ಹುಳ ಕಚ್ಚಿದ್ದು ಒಂದೇ ಒಂದು ಸಲ. ಇದನ್ನು ಕೇಳಿದ ಕುಕನೂರಿನ ಜನ, ಮಾಸ್ತರ ಕೈಗುಣ ದೊಡ್ಡದು, ಹುಳ ಸಹ ಅವರ ಗುರುತು ಹಿಡಿಯುತ್ತವೆ ಎಂದು ಸಂತೆಯಲ್ಲಿ ಮಾತಾಡಿಕೊಳ್ಳುತ್ತಾರೆ. ನಾನೂ ಬಹಳ ದಿನ ಹೌದೆನ್ನದೆ ಅಲ್ಲವೆನ್ನದೆ ರುಮಾಲು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದೆ. ಸಾಲಿ ಮಾಸ್ತರನಿಗೆ ಊರಲ್ಲಿ ಸಿಗುವ ಹೊಗಳಿಕೆ ಅಷ್ಟಕ್ಕಷ್ಟೆ, ಪುಕ್ಕಟೆ ಬಂದದ್ದನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಆದರೆ ಇತ್ತೀಚೆಗೆ ಒಂದು ಪ್ರಸಂಗ ನಡೆದು, ನಿಜವನ್ನು ಹೇಳಿಬಿಡುವುದೇ ಲೇಸು ಎನ್ನಿಸಿದೆ. ಹುಳ ನನ್ನನ್ನು ಕಚ್ಚದಿರುವುದಕ್ಕೆ ಕಾರಣ ಕೈಗುಣವಲ್ಲ, ಕಾಲಿನ ಗುಣ. ಪೆಟ್ಟಿಗೆ ಹಿತ್ತಲಲ್ಲಿದ್ದರೆ ನಾನು ಪಡಸಾಲೆಯಲ್ಲಿರುತ್ತೇನೆ. ಪೆಟ್ಟಿಗೆಯನ್ನು ಪಡಸಾಲೆಗೆ ತಂದರೆ ನಾನು ಸಾಲಿಯಲ್ಲಿರುತ್ತೇನೆ. ಹುಳದ ಯಜಮಾನಿಕೆ ಎಲ್ಲ ನನ್ನ ಹೆಂಡತಿ ನೀಲವ್ವನದು.

ನನ್ನ ಈ ಅಂಜುಬುರುಕುತನ ಇವತ್ತು ನಿನ್ನೆಯದಲ್ಲ. ನಮ್ಮದು ಕಿನ್ನಾಳದ ಗೊಂಬೆ ಮಾಡುವ ಮನೆತನ. ಮರ ಕೆತ್ತಿ, ಹುಣಸೆಬೀಜದ ಅಂಟು ಹಚ್ಚಿ, ಬಣ್ಣ ಬಳಿದು, ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಗೊಂಬೆಗೆ ಕಣ್ಣು ಬರೆಯುತ್ತಾರೆ. ಕಣ್ಣು ಬರೆದ ಮೇಲೆಯೇ ಅದು ದೇವರು. ನನಗೆ ಹತ್ತು ವರ್ಷವಾದಾಗ ನಮ್ಮಪ್ಪ ಒಂದು ದಿನ ಕುಂಚ ಕೈಗೆ ಕೊಟ್ಟು, ಲಕ್ಷ್ಮಿಗೆ ಕಣ್ಣು ಬರೆ ಎಂದ. ಇನ್ನೇನು ದೇವಿ ನನ್ನನ್ನು ನೋಡಿಬಿಡುತ್ತಾಳಲ್ಲ ಎಂದು ನನ್ನ ಕೈ ನಡುಗಿತು. ಒಂದು ಕಣ್ಣು ಭಕ್ತರ ಕಡೆ ನೋಡಿತು, ಇನ್ನೊಂದು ತನ್ನ ಮೂಗನ್ನು ನೋಡಿತು. ಅಪ್ಪ ಬಯ್ಯಲಿಲ್ಲ. ಗೊಂಬೆಯನ್ನು ಬಹಳ ಹೊತ್ತು ಹಿಡಿದು ನೋಡಿ, “ಇಂವನ್ನ ಸಾಲಿಗೆ ಹಾಕೂನು” ಎಂದ. ಹಾಗೆ ನಾನು ವಿದ್ಯಾವಂತನಾದೆ. ಆ ಲಕ್ಷ್ಮಿ ಈಗಲೂ ಯಾರದೋ ಮನೆಯ ಜಗಲಿಯ ಮೇಲೆ ತನ್ನ ಮೂಗು ನೋಡಿಕೊಂಡು ಕೂತಿರಬೇಕು.

ನೀಲವ್ವನೂ ಕಿನ್ನಾಳದವಳೇ. ಅವಳ ತವರಿನ ಓಣಿಯಲ್ಲಿ ಮೌಲಾಸಾಬ ಎಂಬ ಒಬ್ಬ ಮುದುಕ, ಗುಡ್ಡ ತಿರುಗಿ ಜೇನು ಬಿಡಿಸುವುದೇ ಅವನ ಕಸಬು. ಚಿಕ್ಕಂದಿನಲ್ಲಿ ಅವನ ಬೆನ್ನು ಹತ್ತಿ ತಿರುಗಿ ಇವಳು ಹುಳದ ವಿದ್ಯೆಯನ್ನೆಲ್ಲ ಕಲಿತುಬಿಟ್ಟಿದ್ದಳು. ಮದುವೆಯಾಗುವ ಮುಂಚೆ ಈ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಎಂಟು ವರ್ಷ ನಮಗೆ ಮಕ್ಕಳಿರಲಿಲ್ಲ. ಒಂಬತ್ತನೆಯ ವರ್ಷದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಹಿತ್ತಲಿನ ಬೇವಿನ ಮರಕ್ಕೆ ಒಂದು ಜೇನಿನ ಹಿಂಡು ಬಂದು ಜೋತುಬಿತ್ತು. ನಾನು ಬಾಗಿಲು ಹಾಕಿಕೊಂಡು ಒಳಗಿನಿಂದ ಚಿಲಕ ಜಡಿದೆ. ಆಮೇಲೆ ನೋಡಿದರೆ ಹೆಂಡತಿ ಹೊರಗೇ ಉಳಿದಿದ್ದಳು. ಕಿಟಕಿಯಿಂದ ಇಣುಕಿದೆ. ಬರಿಗೈಯಲ್ಲಿ, ರೊಟ್ಟಿ ಹಿಟ್ಟು ತುಂಬಿಕೊಳ್ಳುವ ಹಾಗೆ, ಹುಳಗಳನ್ನು ಬುಟ್ಟಿಗೆ ತುಂಬಿಕೊಳ್ಳುತ್ತಿದ್ದಳು. “ತುಡುವಿ ಹುಳ ರೀ. ಭಾಳ ಸಾಧು. ಬಾಗಿಲಾ ತೆಗೀರಿ” ಎಂದಳು. ನಾನು ಯೋಚನೆ ಮಾಡಿ ಸ್ವಲ್ಪ ತಡವಾಗಿ ತೆಗೆದೆ. ಅದಾದ ಎಂಟು ದಿನಕ್ಕೇ, ಅವಳಿಗೆ ನೀರು ನಿಂತು ಎರಡು ತಿಂಗಳಾಗಿದೆ, ಬಸುರಿ ಎಂದು ತಿಳಿಯಿತು.

ಪೆಟ್ಟಿಗೆ ಮಾಡಿಕೊಡಿ ಎಂದು ಮಾವನವರಿಗೆ ಹೇಳಿಕಳಿಸಿದೆವು. ಪೆಟ್ಟಿಗೆಯನ್ನೇನೋ ಮಾಡಿದರು, ಅದರೊಳಗೆ ಹುಟ್ಟು ಕಟ್ಟಲು ಅಡ್ಡಡ್ಡ ಏಳು ಪಟ್ಟಿಯನ್ನೂ ಕೂಡಿಸಿದರು. ಆದರೆ ಕಿನ್ನಾಳದ ಕೈ ಬರೀ ಕಟ್ಟಿಗೆಯನ್ನು ಬರೀ ಕಟ್ಟಿಗೆಯಾಗಿ ಬಿಡುವ ಕೈಯಲ್ಲ. ಹಸಿರು ಬಳಿದು, ಸುತ್ತ ಗಿಳಿ ಬರೆದು, ಹುಳ ಹೋಗಿಬರುವ ಬೆರಳಗಲದ ಬಾಗಿಲಿನ ಎರಡೂ ಬದಿಗೆ ಗದೆ ಹಿಡಿದು ಮೀಸೆ ತಿರುವಿದ ಇಬ್ಬರು ದ್ವಾರಪಾಲಕರನ್ನು ನಿಲ್ಲಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಒಳಗಿರುವವರಿಗೂ ಕಣ್ಣಿಲ್ಲವೇನು ಎಂದು ಒಳಗೂ ಅಂಟು ಹಚ್ಚಿ ಹೂವಿನ ಬಳ್ಳಿ ಬರೆದಿದ್ದರು. ಬುಟ್ಟಿಯಿಂದ ಒಳಗೆ ಬಿಟ್ಟ ಹುಳಗಳು ಆ ಬಣ್ಣದ ವಾಸನೆಗೆ ಅವತ್ತೇ ಸಂಜೆ ಎದ್ದು ಮತ್ತೆ ಬೇವಿನ ಮರಕ್ಕೆ ಹೋದವು. ಹುಣಸೆಬೀಜದ ಅಂಟಿಗೆ ಊರಿನ ಇರುವೆಗಳೆಲ್ಲ ಬಂದವು. ನೀಲವ್ವ ಎರಡು ದಿನ ಕೂತು ತಂದೆಯ ಬಳ್ಳಿಯನ್ನೆಲ್ಲ ಒಡೆದ ಮಡಕೆಯ ಬೋಕಿಯಿಂದ ಕೆರೆದು, ತುಳಸಿ ಸೊಪ್ಪು ತಿಕ್ಕಿ, ಹುಳಗಳನ್ನು ಮತ್ತೆ ತಂದು ಬಿಟ್ಟಳು. ಪೆಟ್ಟಿಗೆಯ ನಾಲ್ಕು ಕಾಲನ್ನೂ ಇರುವೆ ಹತ್ತದಂತೆ ನೀರು ತುಂಬಿದ ಮಣ್ಣಿನ ಬಟ್ಟಲಲ್ಲಿ ಇಟ್ಟಳು. ಈ ಸಲ ಅವು ನಿಂತವು. ದ್ವಾರಪಾಲಕರಿಗೆ ಅವು ಅಂಜಲಿಲ್ಲ. ಅಂಜಿದವನು ನಾನೊಬ್ಬನೇ. ಮಾವನವರು ಕಣ್ಣು ಬರೆಯುವುದರಲ್ಲಿ ನಿಸ್ಸೀಮರು. ಹಿತ್ತಲಿನಲ್ಲಿ ಎಲ್ಲಿ ನಿಂತರೂ ಆ ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ಹುಳ ಬಂದ ಮೇಲೆ ಕೂಸಿನ ಸುದ್ದಿ ಬಂದದ್ದರಿಂದ ನೀಲವ್ವನ ಮನಸ್ಸಿನಲ್ಲಿ ಎರಡಕ್ಕೂ ಗಂಟು ಬಿದ್ದುಬಿಟ್ಟಿತ್ತು. ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ನಾಲಿಗೆಗೆ ಜೇನು ಹಚ್ಚುತ್ತಾರೆ, ಯಾರು ಹಚ್ಚುತ್ತಾರೋ ಅವರ ಗುಣ ಕೂಸಿಗೆ ಬರುತ್ತದೆ ಎನ್ನುತ್ತಾರೆ. “ಸಂತ್ಯಾಗಿನ ಜೇನು ಬ್ಯಾಡ್ರಿ. ತಾವಾಗಿ ನಮ್ಮನಿಗೆ ಬಂದಾವಲ್ಲ, ಈ ಹುಳದ್ದ ಹಚ್ಚಬೇಕು” ಎಂದು ಅವಳು ಅವತ್ತೇ ನಿರ್ಧಾರ ಮಾಡಿದ್ದಳು. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವವನಲ್ಲ ಎಂದು ಸಾಲಿಯಲ್ಲಿ ಹೇಳುತ್ತಿದ್ದೆ. ಮನೆಗೆ ಬಂದರೆ, ಎಂಟು ವರ್ಷ ಖಾಲಿ ತೊಟ್ಟಿಲ ಕನಸು ಕಂಡವನಿಗೆ ಓದು ಎಲ್ಲಿ ಉಪಯೋಗಕ್ಕೆ ಬರುತ್ತದೆ? ಈ ಹುಳಕ್ಕೇನಾದರೂ ಆದರೆ ಎಂಬ ಯೋಚನೆ ಬಂದರೆ ಸಾಕು, ಊಟ ಸೇರುತ್ತಿರಲಿಲ್ಲ.

ಮಾರ್ಗಶಿರದಲ್ಲಿ ಬಸುರಿಗೆ ಮಾಡುವ ಕುಬಸದ ಕಾರ್ಯ ಮುಗಿಯಿತು. ಬಾಣಂತನಕ್ಕೆ ಅವಳನ್ನು ತವರಿಗೆ ಕರೆದೊಯ್ಯಲು ಅವಳ ಅಣ್ಣ ಈರಣ್ಣ ಚಕ್ಕಡಿ ಹೂಡಿಕೊಂಡು ಬಂದ. ಈರಣ್ಣ ಗರಡಿಯ ಆಳು. ಹೆಜ್ಜೇನಿಗೆ ಬರಿಗೈ ಹಾಕಿ, ಮುಖ ಕುಂಬಳಕಾಯಿಯಾಗಿ ಬಂದು, ಏನೂ ಆಗಿಲ್ಲ ಎಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನುವಂಥವನು. ಅವನು ಪೆಟ್ಟಿಗೆಯನ್ನೂ ನನ್ನನ್ನೂ ಒಂದೊಂದು ಸಲ ನೋಡಿ ನಕ್ಕ.

“ತಂಗೀ, ಮಾಸ್ತರ ಕೈಲೆ ಇದು ಆಗೂದಲ್ಲ. ನಾನ ಎಂಟು ದಿನಕ್ಕೊಮ್ಮೆ ಬಂದು ತೆಗೆದು ನೋಡಿ ಹೋಗ್ತೀನಿ.”

“ಬ್ಯಾಡಣ್ಣಾ, ಇವರ ಕೈಯಾಗ ಇರಲಿ” ಎಂದಳು ನೀಲವ್ವ. “ಇವರಷ್ಟು ಛಲೋ ನೋಡಿಕೊಳ್ಳೋರು ಯಾರೂ ಇಲ್ಲ.”

ನನ್ನ ಎದೆ ಎರಡಂಗುಲ ಉಬ್ಬಿತು. ಚಕ್ಕಡಿ ಹತ್ತುವಾಗ ಅವಳು ಹೇಳಿದ್ದು ಎರಡೇ ಮಾತು. “ಬಟ್ಟಲಾಗಿನ ನೀರು ಆರಬಾರದು ನೋಡ್ರಿ. ಥಂಡಿ ಹೋಗಿ ಶಿವರಾತ್ರಿ ಆದಮ್ಯಾಲೆ ಮೌಲಾಚಾಚಾನ್ನ ಕರಕೊಂಡು ಒಂದೀಟು ಜೇನು ತಗೊಂಡು ಬರ್ರಿ.” ನಾನು ತಲೆಯಾಡಿಸಿದೆ. ಎಂಟು ವರ್ಷದಲ್ಲಿ ಅವಳು ನನ್ನ ಬಗ್ಗೆ ಮೂರನೆಯವರ ಮುಂದೆ ಆಡಿದ ಮೊದಲ ಹೊಗಳಿಕೆಯ ಗುಂಗಿನಲ್ಲಿದ್ದೆನಾದ್ದರಿಂದ, ಅವಳು ಹುಲಿ ಸಾಕಿಕೊಂಡಿರಿ ಎಂದಿದ್ದರೂ ತಲೆಯಾಡಿಸುತ್ತಿದ್ದೆ.

ನೀರು ಹಾಕುವ ಕೆಲಸವನ್ನು ನಾನು ಚೆನ್ನಾಗಿಯೇ ಮಾಡಿದೆ. ಬಿದಿರಿನ ಕೋಲಿನ ತುದಿಗೆ ತಂಬಿಗೆ ಕಟ್ಟಿ ದೂರದಿಂದ ಸುರಿಯುವ ಒಂದು ಉಪಾಯ ಕಂಡುಹಿಡಿದಿದ್ದೆ. ಕಾಲುಭಾಗ ನೀರು ಬಟ್ಟಲಿಗೆ ಬೀಳುತ್ತಿತ್ತು, ಮುಕ್ಕಾಲು ಭಾಗ ದ್ವಾರಪಾಲಕರ ಮೇಲೆ. ಹೀಗೆ ಸುಖವಾಗಿರುವಾಗ ಕಿನ್ನಾಳದಿಂದ ಮೊದಲ ಕಾರ್ಡು ಬಂತು. ನೀಲವ್ವ ಹೇಳುವುದು, ಈರಣ್ಣ ಬರೆಯುವುದು ಎಂದು ಅವರ ಏರ್ಪಾಡು. ಆದರೆ ಈರಣ್ಣ ಹೇಳಿದ್ದನ್ನಷ್ಟೇ ಬರೆದು ಸುಮ್ಮನಾಗುವ ಲೇಖಕನಲ್ಲ. ತಾನು ಆರೋಗ್ಯವಾಗಿದ್ದೇನೆ, ಅಡುಗೆಮನೆಯ ಹಲಗೆಯ ಮೇಲೆ ಶೇಂಗಾ ಚಟ್ನಿ ಇದೆ, ಮರೆಯದೆ ಹಚ್ಚಿಕೊಳ್ಳಿ ಎಂಬ ಅವಳ ಮಾತಿನ ಕೆಳಗೆ ಅವನದೊಂದು ಸಾಲು ಇತ್ತು. “ಮಾಸ್ತರ, ಪೆಟ್ಟಿಗಿ ತೆಗೆದು ನೋಡಿದ್ರೋ, ದೂರಲಿಂದ ನಮಸ್ಕಾರ ಮಾಡಿದ್ರೋ? ಬರೀತಿರಾಂವ ಈರಣ್ಣ.” ಕಾರ್ಡನ್ನು ಟಪಾಲಿನವನು ಓದಿದ್ದ. ಅವನು ಓದಿದನೆಂದರೆ ಊರೆಲ್ಲ ಓದಿದ ಹಾಗೆ. ನನಗೆ ರೇಗಿತು. ಕೂಡಲೇ ಕೂತು ಉತ್ತರ ಬರೆದೆ. “ಪೆಟ್ಟಿಗೆಯನ್ನು ಸೋಮವಾರ ಬೆಳಿಗ್ಗೆ ತೆರೆದು ಪರೀಕ್ಷಿಸಲಾಯಿತು. ರಾಣಿಯವರ ದೇಹಸ್ಥಿತಿ ಉತ್ತಮವಾಗಿದೆ. ಪ್ರಜೆಗಳು ತಮ್ಮ ತಮ್ಮ ಕೆಲಸದಲ್ಲಿ ನಿರತರಾಗಿದ್ದಾರೆ. ಎಲ್ಲಾ ಕ್ಷೇಮ.”

ಬರೆದ ಮೇಲೆ ಓದಿ ನೋಡಿದರೆ ನನಗೇ ನಂಬಿಕೆ ಬರುವಷ್ಟು ಚೆನ್ನಾಗಿತ್ತು. ಇಷ್ಟು ಸುಲಭವಾಗಿ ಜೇನು ಸಾಕಬಹುದು ಎಂದು ಗೊತ್ತಾದ ಮೇಲೆ ವಾರಕ್ಕೊಂದು ಕಾರ್ಡು ಬರೆಯತೊಡಗಿದೆ. ಎರಡನೆಯದರಲ್ಲಿ ರಾಣಿಯವರು ನನ್ನ ಗುರುತು ಹಿಡಿದಂತೆ ತೋರಿತು. ಮೂರನೆಯದರಲ್ಲಿ ಮರಿಹುಳಗಳು ಸಾಲಾಗಿ ಶಿಸ್ತಿನಿಂದ ಕೂತಿದ್ದವು. ಇಲ್ಲಿ ನಮ್ಮ ಮೂರನೆಯ ಇಯತ್ತೆಯಲ್ಲಿ ನಾನು ಕಾಣದ ಶಿಸ್ತನ್ನೆಲ್ಲ ಅವುಗಳಿಗೆ ಕೊಟ್ಟೆ. ನೀಲವ್ವನಿಂದ ಉತ್ತರ ಬಂತು. “ಓದಿ ಭಾಳ ಸಂತೋಷ ಆತು. ರಾಣಿಯವರಿಗೆ ನನ್ನ ನಮಸ್ಕಾರ ತಿಳಿಸ್ರಿ.” ಕೆಳಗೆ ಈರಣ್ಣನ ಸಾಲು. “ನನಗ ನಂಬಿಕಿ ಇಲ್ಲ.”

ಪುಷ್ಯ ಹತ್ತಿತು. ನಮ್ಮ ಎರೆಹೊಲಗಳ ಮೇಲಿನಿಂದ ಬೀಸುವ ಆ ತಿಂಗಳ ಗಾಳಿಗೆ ಹಲ್ಲು ಕಟಕಟ ಎನ್ನುತ್ತವೆ. ಒಂದು ಸಂಜೆ ಕಂಬಳಿ ಹೊದ್ದು ಕೂತವನಿಗೆ ಹುಳಗಳ ನೆನಪಾಯಿತು. ಅಂಗಿ ಇಲ್ಲ, ಹೊದಿಕೆ ಇಲ್ಲ, ಹೊರಗೆ ಕೂತಿವೆ. ಎದ್ದು ಹೋಗಿ, ಉಸಿರು ಬಿಗಿಹಿಡಿದು, ದೂರದಿಂದ ನನ್ನ ಕಂಬಳಿಯನ್ನು ಬಲೆ ಬೀಸುವ ಹಾಗೆ ಬೀಸಿ ಪೆಟ್ಟಿಗೆಯ ಮೇಲೆ ಹೊದಿಸಿದೆ. ದ್ವಾರಪಾಲಕರ ಕಣ್ಣೂ ಮುಚ್ಚಿತು. ಅವತ್ತು ನನಗಾದ ನೆಮ್ಮದಿಯಲ್ಲಿ ಅರ್ಧ ಹುಳಗಳದು, ಅರ್ಧ ಆ ಕಣ್ಣುಗಳದು. ಬೆಳಿಗ್ಗೆ ಕೋಲಿನಿಂದ ಕಂಬಳಿ ಎಳೆದುಕೊಳ್ಳುವುದು, ಸಂಜೆ ಮತ್ತೆ ಬೀಸುವುದು. ಕಂಬಳಿ ಇಲ್ಲದೆ ನಾನು ಗೋಣಿಚೀಲ ಹೊದ್ದು ನಡುಗಿದೆ. ಈ ತ್ಯಾಗವನ್ನು ಒಂದು ಕಾರ್ಡಿನಲ್ಲಿ ಬರೆಯಬೇಕೆಂದು ಮಾಡಿದ್ದೆ.

ಅಷ್ಟರಲ್ಲಿ ಸಾಲಿಯ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಗೋಡೆಗೆ ಸುಣ್ಣ, ಅಂಗಳಕ್ಕೆ ಸಗಣಿ, ಹುಡುಗರಿಗೆ ಪದ್ಯ ಎಂದು ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಬೆಳಿಗ್ಗೆ ನೆನಪಾಯಿತು, ಎರಡು ದಿನದಿಂದ ಕಂಬಳಿ ತೆಗೆದೇ ಇಲ್ಲ. ಓಡಿ ಹೋಗಿ ಎಳೆದೆ. ಬಾಗಿಲಿನ ಮುಂದೆ ಹುಳಗಳು ಗುಪ್ಪೆಯಾಗಿ ಸತ್ತು ಬಿದ್ದಿದ್ದವು. ಹೊರಗೆ ಬರಲು ದಾರಿ ಕಾಣದೆ ಕಂಬಳಿಯ ಕೂದಲಿಗೆ ಸಿಕ್ಕಿಕೊಂಡು ಸತ್ತವೂ ಇದ್ದವು. ದ್ವಾರಪಾಲಕರು ನನ್ನನ್ನು ನೋಡಿದರು. ಅವತ್ತು ಮೊದಲ ಬಾರಿಗೆ ನಾನು ಪೆಟ್ಟಿಗೆಯ ಹತ್ತಿರ, ಎದುರಿಗೇ, ನೆಲದ ಮೇಲೆ ಕೂತುಬಿಟ್ಟೆ. ಅಂಜಿಕೆ ನೆನಪಾಗಲಿಲ್ಲ. ಎಂಟು ವರ್ಷ ಕಾದು ಬಂದದ್ದನ್ನು ನನ್ನ ಕೈಯಾರೆ ಉಸಿರುಗಟ್ಟಿಸಿದೆ ಎಂದೇ ಅನ್ನಿಸಿತು. ಯಾವುದನ್ನು ಎಂದು ಕೇಳಬೇಡಿ, ಅವತ್ತು ನನ್ನ ತಲೆಯಲ್ಲಿ ಹುಳ ಬೇರೆ ಕೂಸು ಬೇರೆ ಎಂದು ಇರಲಿಲ್ಲ.

ಅವತ್ತೂ ಕಾರ್ಡು ಬರೆದೆ. ಬಸುರಿ ಹೆಂಗಸಿಗೆ ಬೇರೆ ಏನು ಬರೆಯಲಿ? “ಎಲ್ಲಾ ಕ್ಷೇಮ” ಎಂಬ ಎರಡೇ ಮಾತು. ರಾಣಿಯವರ ಸುದ್ದಿ ಬರೆಯಲು ಕೈ ಏಳಲಿಲ್ಲ.

ಆಮೇಲೆ ದಿನ ಬೆಳಗಾದರೆ ಬಾಗಿಲ ಮುಂದೆ ಒಂದು ನಾಲ್ಕೋ ಐದೋ ಹುಳ ಸತ್ತಿರುತ್ತಿದ್ದವು. ಒಂದು ಎಲೆಯಲ್ಲಿ ಎತ್ತಿ ಬೇವಿನ ಬುಡದಲ್ಲಿ ಹೂಳುತ್ತಿದ್ದೆ. ರಜೆಯ ದಿನ ಬಿಸಿಲೇರಿದಾಗ ನೋಡಿದರೆ ಒಂದೆರಡು ಹುಳ ಹೋಗಿಬರುವುದು ಕಾಣುತ್ತಿತ್ತು. ಆದರೆ ಸತ್ತವರ ಮನೆಗೂ ಜನ ಬಂದು ಹೋಗುತ್ತಾರಲ್ಲ, ಅದರಿಂದ ಸಮಾಧಾನವಾಗಲಿಲ್ಲ. ಕಡೆಗೆ ಸಂತೆಯ ದಿನ ಮೌಲಾಸಾಬ ಜೇನಿನ ಗಡಿಗೆ ಹೊತ್ತು ಬಂದಾಗ ಅವನನ್ನು ಹೆಚ್ಚುಕಡಿಮೆ ಎಳೆದುಕೊಂಡು ಬಂದು ಪೆಟ್ಟಿಗೆಯ ಮುಂದೆ ನಿಲ್ಲಿಸಿದೆ. ಕಂಬಳಿಯ ಕಥೆ ಹೇಳಿದೆ. ಕಾರ್ಡುಗಳ ಕಥೆ ಹೇಳಲಿಲ್ಲ.

“ಕಿವಿ ಹಚ್ಚಿ, ಬೆರಳಿಲೆ ಒಮ್ಮೆ ಕುಟ್ರಿ ಮಾಸ್ತರ್‌ಸಾಬ. ಒಳಗ ಗುಂಯ್ ಅಂದು ಸುಮ್ಮನಾದ್ರ ರಾಣಿ ಅದಾಳ. ಭಾಳ ಹೊತ್ತು ಅಳತಿದ್ರ ರಾಣಿ ಇಲ್ಲ” ಎಂದ.

ಪ್ರಾಣವನ್ನು ಕೈಯಲ್ಲಿ ಹಿಡಿದುಕೊಂಡು ಕಿವಿ ಹಚ್ಚಿದೆ. ಕುಟ್ಟಿದೆ. ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಕುಟ್ಟಿದೆ. ಸ್ಮಶಾನ ಮೌನ. “ಹೋದ್ವು ಚಾಚಾ, ಎಲ್ಲಾ ಹೋದ್ವು” ಎಂದೆ.

“ಅರೆ, ಮೊದಲು ಕಿವಿ ಬಿಚ್ಚರಿ!” ಎಂದ ಮುದುಕ. ನೋಡಿಕೊಂಡರೆ, ಹುಳ ಕಿವಿಯೊಳಗೆ ಹೋದೀತೆಂದು ಮಫ್ಲರನ್ನು ಮೂರು ಸುತ್ತು ಸುತ್ತಿ, ಅದರ ಮೇಲೆ ರುಮಾಲು ಬಿಗಿದಿದ್ದೆ. ಬಿಚ್ಚಿ ಮತ್ತೆ ಹಚ್ಚಿದೆ. ಎಲ್ಲೋ ದೂರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಬೀಸುಕಲ್ಲು ತಿರುಗಿಸಿದ ಹಾಗೆ ಒಂದು ಸಣ್ಣ ಸದ್ದು ಎದ್ದಿತು. ಸುಮ್ಮನಾಯಿತೋ, ಅಳುತ್ತಿತ್ತೋ, ನನ್ನ ಎದೆಯ ಬಡಿತದಲ್ಲಿ ಗೊತ್ತಾಗಲಿಲ್ಲ. ಮೌಲಾಸಾಬನೂ ಕಿವಿ ಹಚ್ಚಿದ. ಅವನ ಕಿವಿಗೆ ಎಪ್ಪತ್ತು ವರ್ಷವಾಗಿತ್ತು, ಅವನಿಗೂ ಗೊತ್ತಾಗಲಿಲ್ಲ. ನಾನು ಬೇವಿನ ಬುಡದ ಕಡೆ ಕೈ ತೋರಿಸಿ, ದಿನಾ ಇಷ್ಟಿಷ್ಟು ಸಾಯುತ್ತಿವೆಯಲ್ಲ ಎಂದೆ.

“ಥಂಡ್ಯಾಗ ಮುದಿ ಹುಳ ಸಾಯ್ತಾವ ಮಾಸ್ತರ್‌ಸಾಬ. ಒಳಗ ಸತ್ತ ಹುಳಾನ ಹೊರಗ ತಂದು ಹಾಕಿದೋರು ಯಾರು? ಅದಕ್ಕ ಕಾಲು ಅದಾವೇನು ನಡಕೊಂತ ಬರಾಕ? ಹೆಣಾ ಹೊರಗ ಬಂದೈತಿ ಅಂದ್ರ ಹೊರೋರು ಜಿಂದಾ ಅದಾರ. ಮನಿ ಕಸಾ ಹೊಡಿಯೋರು ಇರೂತನಕ ಮನಿ ಐತಿ ಅಂತ ತಿಳೀರಿ.” ಗಡಿಗೆ ಹೊತ್ತುಕೊಂಡು ಹೊರಡುವಾಗ ತಿರುಗಿ ಹೇಳಿದ. “ರಾಣಿ ಐತೋ ಇಲ್ಲೋ, ಜೇನು ಐತೋ ಇಲ್ಲೋ, ತೆಗೆದ ಮ್ಯಾಲೇ ತಿಳಿಯೂದು. ಈಗ ತೆಗೀಬ್ಯಾಡ್ರಿ, ಗಾಳಿ ಭಾಳ ಐತಿ. ಶಿವರಾತ್ರಿ ಮರುದಿನ ಬರ್ತೀನಿ.”

ಆ ಒಂದೂವರೆ ತಿಂಗಳು ನಾನು ಹೇಗೆ ಕಳೆದೆನೋ! ಆದರೂ ಬೆಳಿಗ್ಗೆ ಸತ್ತ ಹುಳ ಕಂಡರೆ ಮೊದಲಿನಂತೆ ಎದೆ ಒಡೆಯುತ್ತಿರಲಿಲ್ಲ. ಎಲೆಯಲ್ಲಿ ಎತ್ತಿಕೊಳ್ಳುವಾಗ, ಇದನ್ನು ಹೊತ್ತು ತಂದ ಪುಣ್ಯಾತ್ಮ ಒಳಗೆ ಇದ್ದಾನೆ ಎಂದುಕೊಳ್ಳುತ್ತಿದ್ದೆ. ಮಾಘ ಬಂದಂತೆ ಗಾಳಿ ಮೆತ್ತಗಾಯಿತು. ಊರ ಹೊರಗಿನ ಹೊಲದಲ್ಲಿ ಕುಸುಬಿ ಹಳದಿಯಾಗಿ ಹೂಬಿಟ್ಟಿತು, ಕೊತ್ತಂಬರಿಯ ಬಿಳಿ ಹೂವಿನ ಘಮ ಸಾಲಿಯ ಕಿಟಕಿಯವರೆಗೆ ಬರತೊಡಗಿತು. ಪಾಠ ಹೇಳುವಾಗ ಒಂದು ಹುಳ ಕಿಟಕಿಯಲ್ಲಿ ಸುಳಿದರೂ ನಾನು, ನಮ್ಮದೇ ಇರಬಹುದೇ ಎಂದು ಪಾಠ ನಿಲ್ಲಿಸಿ ನೋಡುತ್ತಿದ್ದೆ. ಹುಡುಗರು ಇದನ್ನು ಕಂಡುಕೊಂಡು, ಲೆಕ್ಕ ಕೇಳಿದಾಗಲೆಲ್ಲ “ಸರ್, ಹುಳ!” ಎನ್ನುತ್ತಿದ್ದರು. ಶಿವರಾತ್ರಿಯ ಹಿಂದಿನ ದಿನ ಕಿನ್ನಾಳದ ಕಾರ್ಡು ಬಂತು. ಈ ಸಲ ಪೂರಾ ಈರಣ್ಣನದೇ. “ಇವತ್ತೋ ನಾಳೆಯೋ ಅಂತಾಳ ಸೂಲಗಿತ್ತಿ. ಜೇನು ತರ್ತೀರೋ, ನಾ ಗುಡ್ಡಕ್ಕ ಹೋಗ್ಲೋ?”

ಶಿವರಾತ್ರಿಯ ಮರುದಿನ ಬಿಸಿಲು ಏರುತ್ತಲೂ ಮೌಲಾಸಾಬ ಬಂದ. ನಾನು ನೀಲವ್ವನ ಹಳೆಯ ಇಳಕಲ್ ಸೀರೆಯನ್ನು ತಲೆಯಿಂದ ಮೊಣಕಾಲವರೆಗೆ ಸುತ್ತಿಕೊಂಡು ತಯಾರಾಗಿದ್ದೆ. ನನ್ನ ಲೆಕ್ಕದಲ್ಲಿ ಅವನು ತೆಗೆಯುವುದು, ನಾನು ಸೀರೆಯೊಳಗಿನಿಂದ ಧೈರ್ಯ ಹೇಳುವುದು ಎಂದಿತ್ತು. ಅವನು ಸಗಣಿಯ ಕುಳ್ಳಿಗೆ ಕಿಚ್ಚು ಹಚ್ಚಿ ಹೊಗೆ ಮಾಡಿ ಪಕ್ಕಕ್ಕೆ ಸರಿದು ನಿಂತ. “ಹುಳ ನಿಮ್ಮವು. ಕೂಸು ನಿಮ್ಮದು. ಮುಚ್ಚಳಾ ನೀವ ತೆಗೀರಿ” ಎಂದ. ಅವನ ಮುಖ ನೋಡಿದರೆ ಚೌಕಾಸಿಗೆ ಜಾಗವಿರಲಿಲ್ಲ.

ಮುಚ್ಚಳಕ್ಕೆ ಕೈ ಹಾಕಿದೆ. ಏಳಲಿಲ್ಲ. ಇನ್ನಷ್ಟು ಎಳೆದೆ. ಮೌಲಾಸಾಬ ಬಗ್ಗಿ ಸಂದಿಯಲ್ಲಿ ಬೆರಳಾಡಿಸಿದ.

“ಚಳಿಗೆ ಗಾಳಿ ಹೋಗದಂಗ ಹುಳ ಸುತ್ತಾ ಅಂಟು ಮೆತ್ತ್ಯಾವ. ಎಲ್ಲೂ ಒಡೆದಿಲ್ಲ. ಇದನ್ನ ಚಳಿಗಾಲದಾಗ ಒಮ್ಮೆನೂ ತೆಗೆದಿಲ್ಲಲ್ರೀ?” ನನ್ನ ಕಡೆ ನೋಡಿದ. “ಸೋಮವಾರಕ್ಕೊಮ್ಮೆ ತೆಗೀತಿದ್ರಂತ ಕಿನ್ನಾಳದಾಗೆಲ್ಲಾ ಓದ್ಯಾರ?”

ಸೀರೆಯೊಳಗೆ ನನ್ನ ಮುಖ ಕಾಣುತ್ತಿರಲಿಲ್ಲವೆಂಬುದೊಂದೇ ಪುಣ್ಯ. ಅವನು ಮತ್ತೇನೂ ಕೇಳದೆ ಚೂರಿ ಕೊಟ್ಟ. ಸುತ್ತ ಅಂಟು ಬಿಡಿಸಿ ಮುಚ್ಚಳ ಎತ್ತಿದೆ. ಒಳಗಿನಿಂದ ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು. ಮೇಣ, ಹೂವು, ಎಳೆಕೂಸಿನ ಮೈ, ಇವೆಲ್ಲ ಸೇರಿದಂಥ ಒಂದು ವಾಸನೆ. ಆಮೇಲೆ ಸದ್ದು. ಏಳು ಪಟ್ಟಿಯಲ್ಲಿ ಐದರ ತುಂಬ ಹುಳ. ಒಂದರ ಮೇಲೊಂದು, ಹೆಗಲಿಗೆ ಹೆಗಲು ಹಚ್ಚಿ, ಕಾಲಿಗೆ ಕುಸುಬಿಯ ಹಳದಿ ಹಿಟ್ಟು ಮೆತ್ತಿಕೊಂಡು ಓಡಾಡುತ್ತಿದ್ದವು. ನನ್ನ ಕಂಬಳಿ, ನನ್ನ ಕಾರ್ಡು, ನನ್ನ ಅಂಜಿಕೆ ಯಾವುದೂ ಅವುಗಳ ಲೆಕ್ಕದಲ್ಲಿರಲಿಲ್ಲ. ಮೌಲಾಸಾಬ ಒಂದು ಪಟ್ಟಿ ಎತ್ತಿ ಬಿಸಿಲಿಗೆ ಹಿಡಿದ. “ಅಗಾ, ಮರಿ. ಅಗೋ ಅಲ್ಲಿ ನೋಡ್ರಿ, ಉದ್ದನ್ನ ಹೊಟ್ಟಿ, ಅಕಿನ ರಾಣಿ!” ಸೀರೆಯ ಮರೆಯಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ. ಕಣ್ಣಲ್ಲಿ ನೀರೂ ತುಂಬಿತ್ತು. ಹಿಂದುಮುಂದು ನೋಡದೆ ಸೀರೆಯನ್ನು ಕಿತ್ತು ಹಿಂದೆ ಎಸೆದು, ಮೂಗು ತಾಗುವಷ್ಟು ಹತ್ತಿರ ಬಗ್ಗಿದೆ. ರಾಣಿಯವರನ್ನು ಕಂಡೆ. ನಾನು ಬರೆದದ್ದಕ್ಕಿಂತ ಚೆನ್ನಾಗಿದ್ದರು. ಅದೇ ಹೊತ್ತಿಗೆ ಅವರ ಪ್ರಜೆಯೊಬ್ಬಳು ನನ್ನ ಮೂಗಿನ ತುದಿಗೆ ಕಚ್ಚಿದಳು. ಏಳು ವರ್ಷದಲ್ಲಿ ಒಂದೇ ಸಲ ಎಂದೆನಲ್ಲ, ಅದು ಇದು.

ಅಂಚಿನ ಪಟ್ಟಿಯಲ್ಲಿ ಅಂಗೈಯಗಲ ಹೊಸ ಜೇನು ಬಿಳಿ ಮೇಣ ಮುಚ್ಚಿಕೊಂಡಿತ್ತು. ಮೌಲಾಸಾಬ ಎರಡು ಬೆರಳಗಲ ಕೊಯ್ದು ನನ್ನ ಹಿತ್ತಾಳೆ ಬಟ್ಟಲಿಗೆ ಹಾಕಿ, ಉಳಿದದ್ದು ಅವುಗಳ ಬುತ್ತಿ ಎಂದು ಮುಚ್ಚಿದ. ಇಬ್ಬರೂ ಚಕ್ಕಡಿಯಲ್ಲಿ ಕಿನ್ನಾಳಕ್ಕೆ ಹೊರಟೆವು. ಮುಟ್ಟುವಷ್ಟರಲ್ಲಿ ನನ್ನ ಮೂಗು ಹದವಾದ ಬದನೆಕಾಯಿಯಷ್ಟಾಗಿತ್ತು. ಓಣಿಯ ತುದಿಯಲ್ಲೇ ಸುದ್ದಿ ಸಿಕ್ಕಿತು. ಆಗಷ್ಟೇ ಹೆಣ್ಣುಕೂಸು ಹುಟ್ಟಿದೆ, ತಾಯಿ ಮಗು ಇಬ್ಬರೂ ಆರಾಮ. ನಾನು ಚಕ್ಕಡಿಯಿಂದ ಇಳಿದೆನೋ ಬಿದ್ದೆನೋ ನೆನಪಿಲ್ಲ, ಬಟ್ಟಲನ್ನಂತೂ ಬಿಡಲಿಲ್ಲ.

ಬಾಣಂತಿಯ ಕೋಣೆಗೆ ಗಂಡಸರು ಹೋಗುವಂತಿಲ್ಲ. ಸೂಲಗಿತ್ತಿ ಕೂಸನ್ನು ಮೊರದಲ್ಲಿ ಮಲಗಿಸಿಕೊಂಡು ಹೊಸ್ತಿಲಿಗೆ ತಂದು ಕೂತಳು. ಪಡಸಾಲೆಯಲ್ಲಿ ಓಣಿಯ ಜನವೆಲ್ಲ ಸೇರಿತ್ತು. ಅಷ್ಟು ಜನರನ್ನು ಕಂಡ ಮೌಲಾಸಾಬನಿಗೆ ಬಾಯಿ ಕಟ್ಟಿಕೊಳ್ಳಲಾಗಲಿಲ್ಲ. ಒಡೆಯದ ಅಂಟಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಬಿಟ್ಟ. ಈರಣ್ಣ ತೊಡೆ ತಟ್ಟಿ ನಕ್ಕ. “ನಾ ಹೇಳಿದ್ನಿಲ್ಲೋ? ಕಾರ್ಡಿನ ಮ್ಯಾಲೆ ಜೇನು ಸಾಕ್ಯಾರ ಮಾಸ್ತರ! ಕೊಡ್ರಿ ಇಲ್ಲಿ ಬಟ್ಟಲಾ. ಇವರ ಕೈಲೆ ಹಚ್ಚಿಸಿದ್ರ ಕೂಸು ಹಲ್ಲಿ ಕಂಡ್ರ ಅಂಜೂಹಂಗ ಆಗತೈತಿ. ನಾ ಹಚ್ತೀನಿ.” ಜನವೂ ಹೌದೌದು ಎಂದಿತು. ನನಗೂ ಹೌದೆನ್ನಿಸಿತು. ಬಟ್ಟಲನ್ನು ಅವನ ಕಡೆಗೆ ಚಾಚಿಯೇಬಿಟ್ಟೆ.

ಆಗ ಬಾಗಿಲಿನ ಮರೆಯಿಂದ ನೀಲವ್ವನ ದನಿ ಬಂತು. ದಣಿದಿತ್ತು, ಆದರೆ ನಗು ಇತ್ತು.

“ಅಣ್ಣಾ, ಅವರು ತೆಗೆಯೂದಿಲ್ಲಂತ ನನಗ ಮೊದಲ ಗೊತ್ತಿತ್ತು. ಅದಕ್ಕ ಅವರ ಕೈಯಾಗ ಕೊಟ್ಟೆ. ನಿನ್ನ ಕೈಯಾಗ ಕೊಟ್ಟಿದ್ರ ವಾರಕ್ಕೊಮ್ಮೆ ಮುಚ್ಚಳಾ ತೆಗೆದು, ಥಂಡಿ ಹೊಕ್ಕು, ಎಳ್ಳಮಾಸಿ ಹೊತ್ತಿಗೆ ಒಂದೂ ಉಳೀತಿದ್ದಿಲ್ಲ. ಅವರು ಅಂಜಿಕೊಂಡು ಕಾದದ್ದಕ್ಕ ಹುಳ ಬದುಕ್ಯಾವ. ನನ್ನ ಮಗಳಿಗೆ ಅವರ ಹಚ್ಚಲಿ.”

“ಇವರಷ್ಟು ಛಲೋ ನೋಡಿಕೊಳ್ಳೋರು ಯಾರೂ ಇಲ್ಲ” ಎಂದ ಆ ಹೊಗಳಿಕೆಯ ಅರ್ಥ ನನಗೆ ಮೂರು ತಿಂಗಳ ನಂತರ ಆಯಿತು. ಉಬ್ಬಿದ್ದ ಎದೆ ಇಳಿಯಬೇಕಾಗಿತ್ತು, ಯಾಕೋ ಇಳಿಯಲಿಲ್ಲ. ಬೆರಳನ್ನು ಜೇನಿನಲ್ಲಿ ಅದ್ದಿದೆ. ಕೂಸು ಕಣ್ಣು ಬಿಟ್ಟು ನನ್ನನ್ನೇ, ಅಂದರೆ ನನ್ನ ಮೂಗನ್ನೇ ನೋಡುತ್ತಿತ್ತು. ಲಕ್ಷ್ಮಿಗೆ ಕಣ್ಣು ಬರೆದ ದಿನದಂತೆ ಕೈ ಗಡಗಡ ನಡುಗಿತು. ಮೊದಲ ಹನಿ ಗಲ್ಲಕ್ಕೆ ಬಿತ್ತು. ಎರಡನೆಯ ಸಲ ತುಟಿಗೆ ತಾಗಿಸುತ್ತಲೂ ಕೂಸು ನನ್ನ ಬೆರಳನ್ನು ಬಾಯಲ್ಲಿ ಹಿಡಿದು, ಅಷ್ಟು ಸಣ್ಣ ಪ್ರಾಣಿಗೆ ಎಲ್ಲಿಯ ಬಲವೋ, ಗಟ್ಟಿಯಾಗಿ ಚೀಪತೊಡಗಿತು. ನನ್ನ ಕೈಯ ನಡುಕ ನಿಂತಿತು. ಅಷ್ಟು ಸಂತೋಷ ನನಗೆ ಹಿಂದೆ ಆಗಿರಲಿಲ್ಲ, ಮುಂದೆ ಆದದ್ದೂ ಇಲ್ಲ.

ಆ ಕೂಸೇ ನಮ್ಮ ಶಾಂತವ್ವ. ಈಗ ಎರಡನೆಯ ಇಯತ್ತೆ ಓದುತ್ತಾಳೆ. ಈರಣ್ಣ ಹೇಳಿದ ಯಾವ ಅಂಜಿಕೆಯೂ ಅವಳ ಹತ್ತಿರ ಸುಳಿಯಲಿಲ್ಲ. ಮೊನ್ನೆ ಶಿವರಾತ್ರಿ ಕಳೆದ ಮೇಲೆ ತಾಯಿ ಮಗಳು ಸೇರಿ ಪೆಟ್ಟಿಗೆ ತೆಗೆದರು. ಹುಳ ಮುಸುರಿದ ಪಟ್ಟಿಯನ್ನು ಅವಳು ಬರಿಗೈಯಲ್ಲಿ, ಪೂಜೆಯ ತಟ್ಟೆ ಹಿಡಿದ ಹಾಗೆ ಹಿಡಿದು ನಿಂತಿದ್ದಳು. ನಾನು ಕಿಟಕಿಯೊಳಗಿನಿಂದ ನೋಡುತ್ತ, ಗುಣ ಬರುತ್ತದೆಂಬ ಮಾತೆಲ್ಲ ಸುಳ್ಳು ಎಂದು ಸಮಾಧಾನಪಟ್ಟೆ. ಹಾಗೆಯೇ ಮಾಸ್ತರನ ಗತ್ತಿನಲ್ಲಿ, ಹದಿನೇಳರ ಮಗ್ಗಿ ಪಾಟಿಯ ಮೇಲೆ ಬರೆದೆಯೇನು ಎಂದು ಕೂಗಿ ಕೇಳಿದೆ.

“ಬರದೀನಿ ಅಪ್ಪಾ!” ಎಂದಳು, ಹುಳದಿಂದ ಕಣ್ಣೆತ್ತದೆ. “ಸೋಮವಾರನ ಬರದೀನಿ. ಅಕ್ಷರ ಭಾಳ ಗುಂಡಗ ಬಂದಾವ. ಸಾಲು ನೆಟ್ಟಗ ಅದಾವ. ಎರಡು ಸಲ ತಪಾಸ್ ಮಾಡೀನಿ, ಎಲ್ಲಾ ಬರೋಬ್ಬರಿ ಐತಿ.”

ಇಷ್ಟು ಚೆಂದದ ವರದಿಯನ್ನು ಎಲ್ಲೋ ಓದಿದಂತಿದೆಯಲ್ಲ ಎನ್ನಿಸಿತು. ಹೋಗಿ ಅವಳ ಚೀಲ ಬಿಚ್ಚಿದೆ. ಪಾಟಿಯ ಮೇಲೆ ಮಗ್ಗಿಯ ಸುಳಿವಿರಲಿಲ್ಲ. ಎಂದೋ ಬರೆದ ಒಂದು ಗಿಳಿ ಅರ್ಧ ಅಳಿಸಿಕೊಂಡು ಕೂತಿತ್ತು. ಪಾಟಿ ಹಿಡಿದು ಹಿತ್ತಲ ಬಾಗಿಲಿಗೆ ಬಂದು, ಬಯ್ಯಲು ಬಾಯಿ ತೆರೆದೆ. ನೀಲವ್ವ ಹೊಗೆಯ ನಡುವಿನಿಂದ ಪಾಟಿಯನ್ನು ನೋಡಿದಳು, ನನ್ನನ್ನು ನೋಡಿದಳು.

“ಯಾರ ಬೆರಳು ಚೀಪೇತ್ರೀ ಅದು?” ಎಂದಳು.

ನಾನು ಪಾಟಿಯನ್ನು ಮೊದಲಿದ್ದ ಹಾಗೆಯೇ ಚೀಲದಲ್ಲಿಟ್ಟು ಬಾಯಿ ಕಟ್ಟಿದೆ. ಈರಣ್ಣನಿಗೆ ಕಾರ್ಡು ಬರೆಯುವುದಿತ್ತು, ಸೊಸೆ ಓದಿನಲ್ಲಿ ಹೇಗಿದ್ದಾಳೆ ಎಂದು ಹೋದ ವಾರ ಕೇಳಿದ್ದ. ಕೂತು ಬರೆದೆ. “ಮಗ್ಗಿಗಳನ್ನು ಇಂದು ಬೆಳಿಗ್ಗೆ ಪರೀಕ್ಷಿಸಲಾಯಿತು. ಎಲ್ಲಾ ಕ್ಷೇಮ.”